ಅಗೆದ ಚಂದ್ರ

ವಾಳಪೈ ದಾಟಿ ಒಂದು ಗುಡ್ಡ. ತಳಕ್ಕ ಕೆಂಪುಕಲ್ಲು, ಮ್ಯಾಲ ಗೇಣುದ್ದ ಮಣ್ಣು.
ಶಾಬಾ ಗಾವಸ ಎಣಿಸಿದಾಗ ನೂರಾ ಹನ್ನೊಂದು ಗೇರುಮರ,
ನಾನು ಎಣಿಸಿದಾಗ ನೂರಾ ಹತ್ತು.
ಒಂದು ಮರದ ಕೂಲಿ ಬಿಟ್ಟೆ. ಲೆಕ್ಕ ಅಂದ್ರ ಲೆಕ್ಕ.

ಚೌತಿ ಮುಗಿದಿತ್ತು. ಮಳಿ ಇನ್ನೂ ನಾಕು ಸುತ್ತು ಬಾಕಿ.
"ಹುಲಗವ್ವ, ಅರ್ಧಚಂದ್ರ," ಅಂದ
ಗಾಳಿಯೊಳಗ ಬೆರಳಿಂದ ಗೀಚಿ.
ಚಂದ್ರನ ಬಾಯಿ ಯಾವ ಕಡೆ?
ಅವಗ ಕನ್ನಡ ಬರೂದಿಲ್ಲ, ನನಗ ಕೊಂಕಣಿ ಅರ್ಧ.
ಒಂದು ತಂಬಿಗಿ ನೀರು ಇಳಿಜಾರಿಗೆ ಚೆಲ್ಲಿ ತೋರಿಸಿದೆ:
ಬರೋ ದಾರಿಗೆ ಬಾಯಿ ತಗದರ ಮಾತ್ರ ತುಂಬತೈತಿ.

ಸಲಿಕಿ ನಮ್ಮವ್ವಂದು, ಕಾವು ಮಾತ್ರ ಹೊಸಾದು.
ಆ ಕಾವೇ ನಮ್ಮ ವಡ್ಡರ ಮೊಳ.
ಬುಡದಿಂದ ಎರಡು ಕಾವು ಕೆಳಗ, ಮೊಣಕಾಲು ಆಳ,
ತಗದ ಮಣ್ಣು ಹೊರಮಗ್ಗಲಿಗೆ ಬದು.
ಕುಣಿಯೊಳಗ ತೆಂಗಿನ ಸಿಪ್ಪಿ, ಹೊಟ್ಟಿ ಮ್ಯಾಲ ಮಾಡಿ,
ಒಂದರ ಮಗ್ಗಲಕ ಒಂದು,
ಪಂಕ್ತಿಗೆ ಕುಂತವರು ಗಂಗಾಳ ಹಿಡಿದಂಗ.

ಹನ್ನೊಂದು ದಿನ.
ಕಡೀ ಮರದ ಹತ್ತಿರ ಹಾರಿ ಠಣ್ ಅಂತು. ಬರೀ ಹಾಸುಗಲ್ಲು.
ಬಿಟ್ಟಿವಿ.
ನೂರಾ ಒಂಬತ್ತರ ಕೂಲಿ ಕೊಟ್ಟ. ಅವನೂ ಲೆಕ್ಕದವನೇ.
ಹೊರಡುವಾಗ ಕೈ ಸನ್ನೀಲೆ ಹೇಳಿದೆ: ಎಲಿ ಸುಡಬ್ಯಾಡ.
ವರ್ಷಾ ಸುಡ್ತಿದ್ದನಂತ,
ಬೀಜ ಆರಿಸಾಕ ನೆಲ ಕಾಣಬೇಕು ಅಂತ.

ಏಪ್ರಿಲ್‌ನಾಗ ಯಾರದೋ ಮನಿ ಪಾಯಿಖಾನಿ ಗುಂಡಿ ತಗಿಯಾಕ
ಅದೇ ದಾರೀಲೆ ಬಂದೆ. ಗುಡ್ಡ ಹತ್ತಿದೆ,
ಕೂಲಿ ಇಲ್ಲದ ಹತ್ತೂದು.
ಹಣ್ಣು ತುಳಿಯೋ ಕಡೆಯಿಂದ ಹುಳಿ ಹುಳಿ ವಾಸನಿ.
ಎಲಿ ಹಾಂಗೇ ಇದ್ದವು, ಪಾದ ಮುಳುಗುವಷ್ಟು.
ಅವನ್ನ ಸರಿಸಿ ಕೈ ಇಳಿಸಿದೆ.
ಸಿಪ್ಪಿ ಒಡಲು ತಣ್ಣಗ.
ಆರು ತಿಂಗಳ ಹಿಂದಿನ ಮಳಿ
ಉಗುರಿನ ಸಂದಿಗೆ ಅಂಟಿಕೊಂತು.

ಗಾವಸನ ಹೆಂಡತಿ ಶೇವಂತಿ
ಎಲಿ ಕೆದಕಿ ಕೆದಕಿ ಬೀಜ ಆರಿಸ್ತಿದ್ದಳು.
ನನ್ನ ನೋಡಿದ್ದೇ ನಡಕ್ಕ ಕೈ ಕೊಟ್ಟು ಬೈದಳು:
ನೆಲ ಕಾಣವಲ್ಲದು, ಬೀಜ ಸಿಗವಲ್ಲದು, ಎಲ್ಲಾ ನಿನ್ನಿಂದ.
ಅರ್ಧ ತಿಳೀತು. ಮಿಕ್ಕಿದ್ದು ಅವಳ ನಡ ಹೇಳ್ತು.
ಕಾಲ ಹತ್ತಿರ ಬುಟ್ಟಿ ತುಂಬಿತ್ತು,
ಮರದ ಆಸರಕ್ಕ ಇನ್ನೊಂದು, ಹೊಸಾ ಬುಟ್ಟಿ,
ಅದೂ ಕುತ್ತಿಗಿ ಮಟ.

ಹಾಸುಗಲ್ಲಿನ ಮರದ ಕೆಳಗ
ಮಿಡಿ ಉದುರಿ ಕರ್ರಗ ಒಣಗಿದ್ದವು.
ಅದರ ತೆಳು ನೆರಳೊಳಗ ಒಂದು ಗಳಿಗಿ ಕುಂತೆ.
ಕೂಲಿ ಬಿಟ್ಟ ಮರ.
ಎದ್ದು, ಬಾಜೂ ಬದುವಿನಿಂದ
ಒಂದು ಮಡಲು ಎಲಿ ತಂದು ಬುಡಕ್ಕ ಹರವಿದೆ,
ಗಾಳಿಗೆ ಹಾರದಂಗ ಮ್ಯಾಲ ನಾಕು ಕಲ್ಲು.

ಶೇವಂತಿ ಮತ್ತ ಏನೋ ಅಂದಳು.
ಇದನ್ನ ಲೆಕ್ಕಕ್ಕ ಹಿಡೀಬ್ಯಾಡ, ಅಂದೆ,
ಕನ್ನಡದಾಗ.