ಕೇಳುವುದಕ್ಕೆ ದರವಿಲ್ಲ

ಮೆರಿದಾ ಪಟ್ಟಣ, ಮೂರನೇ ಮಹಡಿ, ಕಿಟಕಿಯಿಲ್ಲ.
ಎಸಿಯ ಚಳಿಗೆ ಸ್ವೆಟರು ತೊಟ್ಟು
ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಾನು,
ನೇಯ್ಡಿ ಕಾನುಲ್, ದಿನಕ್ಕೆ ಎಂಟು ತಾಸು
ಸಮುದ್ರ ಮಾರುತ್ತೇನೆ.

ಆ ತುದಿಯಲ್ಲಿ ಗಂಡ ಹೆಂಡತಿ,
ಒಂದೇ ಫೋನಿಗೆ ಎರಡು ಕಿವಿ.
ಕೆನಡಾದ ಯಾವುದೋ ಗೋಧಿಯ ಸೀಮೆ.
ಇಲ್ಲಿ ಮೈನಸ್ ಮೂವತ್ತನಾಲ್ಕು, ಅಂದಳು ವರ್ನಾ,
ಮೊಮ್ಮಗನ ಅಂಕ ಹೇಳುವ ಹಾಗೆ.
ಓರೆಸ್ಟ್ ಕೆಮ್ಮಿದ.
ಮೆಕ್ಸಿಕೋಗೆ ಇದೇ ಮೊದಲು.
ಕಡಲಿಗೂ.

ನನ್ನ ಪರದೆಯ ಮೇಲೆ ಹನ್ನೊಂದು ರೆಸಾರ್ಟು,
ಹನ್ನೊಂದರಲ್ಲೂ ಅದೇ ನೀಲಿ,
ಅದೇ ಖಾಲಿ ಕುರ್ಚಿ ಜೋಡಿ.

ಇದರಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ, ಎಂದೆ.
ಪಾಪ, ಏನು ಮಾಡಿದವಂತೆ? ಎಂದಳು ವರ್ನಾ.
ಇದರಲ್ಲಿ ಕೊಳದೊಳಗೆ ನಿಂತೇ ಕುಡಿಯಬಹುದು.
ನನಗೆ ನೀರು ಆಗದು, ಅವಳಿಗೆ ಮದ್ಯ.
ಇದರಲ್ಲಿ ಊಟದ ಮನೆಗಳೇ ಏಳು.
ಹೊಟ್ಟೆ?
ಪಾಚಿ ಬಂದು ಬೀಳುತ್ತದಂತಲ್ಲ ದಡಕ್ಕೆ, ನಾರುತ್ತದಂತಲ್ಲ?
ಮಾರ್ಚಿನ ತನಕ ಅಷ್ಟಿಲ್ಲ, ಎಂದೆ. ಇದು ನಿಜ.
ನಾನು ಹೇಳುವುದರಲ್ಲಿ ಯಾವುದು ನಿಜವೆಂದು
ನಾನೇ ನೆನಪಿಟ್ಟುಕೊಳ್ಳಬೇಕು.

ಅವನ ಮಂಡಿಗೆ ಎಷ್ಟು ಮೆಟ್ಟಿಲು,
ಚಹಾ ಕೊಡುತ್ತಾರೋ ಕಾಫಿಯೊಂದೇನೋ,
ಸೊಳ್ಳೆ, ನೀರು, ಟಿಪ್ಸು, ಎಲ್ಲ ಆದ ಮೇಲೆ
ಓರೆಸ್ಟ್ ಕೇಳಿದ:
ಮಲಗಿದರೆ ಕೇಳಿಸುತ್ತದೆಯೇ, ಕಡಲು?

ಮೂವತ್ತೊಂದು ವರ್ಷ ಕಣಜದಲ್ಲಿ ದುಡಿದವ, ಎಂದಳು ವರ್ನಾ,
ದನಿ ತಗ್ಗಿಸಿ, ಅವನು ಪಕ್ಕದಲ್ಲೇ ಇದ್ದರೂ.
ಕಾಳು ಸುರಿಯುವ ಸದ್ದಿಲ್ಲದೆ ನಿದ್ದೆ ಹತ್ತುತ್ತಿಲ್ಲ.

ಕಾಣುವುದಕ್ಕೆ ನನ್ನಲ್ಲಿ ಮೂರು ದರ:
ಪೂರ್ತಿ ಕಡಲು, ಅರ್ಧ ಕಡಲು,
ಬಾಲ್ಕನಿಯಿಂದ ಕತ್ತು ಚಾಚಿದರೆ ಸಿಗುವ ಕಡಲು.
ಕೇಳುವುದಕ್ಕೆ ದರವಿಲ್ಲ.
ಮೂರು ವರ್ಷವಾಯಿತು ಮಾರುತ್ತ,
ಆ ಕರಾವಳಿಗೆ ಕಾಲಿಟ್ಟವಳಲ್ಲ.
ನನ್ನದು ಪ್ರೊಗ್ರೆಸೋದ ಕಡಲು, ಭಾನುವಾರದ ಬಸ್ಸಿನದು,
ಮೊಣಕಾಲ ಮಟ್ಟ, ಬಾಯಿಲ್ಲದ್ದು.

ಒಂದು ನಿಮಿಷ, ಎಂದೆ. ಅವರಿಗೆ ಮರಿಂಬಾ ಹಾಕಿಟ್ಟು
ವಿಲ್ಬರ್ತ್‌ಗೆ ಫೋನು ಹಚ್ಚಿದೆ, ಚಿಕ್ಕಮ್ಮನ ಮಗ,
ನಾಲ್ಕನೇ ರೆಸಾರ್ಟಿನ ಲಾಂಡ್ರಿಯಲ್ಲಿ.

ಇಲ್ಲಿ ಡ್ರೈಯರ್ ಬಿಟ್ಟು ಏನೂ ಕೇಳಲ್ಲ ಕಣೇ.
ನೂರಾ ಹದಿನಾಲ್ಕರ ಹತ್ತಿರ ಹೋಗೋ.
ಆ ಕಡೆ ನಮ್ಮನ್ನು ಬಿಡಲ್ಲ.
ತೋಳ ಮೇಲೆ ನಾಲ್ಕು ಟವೆಲ್ಲು ಹಾಕ್ಕೋ,
ಟವೆಲ್ಲನ್ನು ಯಾರೂ ತಡೆಯಲ್ಲ.

ಬಾಗಿಲು. ಜನರೇಟರು. ಬಿಂಗೋ ಕೂಗುವವನ
ಇಪ್ಪತ್ತೆರಡು, ಇಪ್ಪತ್ತೆರಡು.
ಚಪ್ಪಲಿಗೆ ಜಲ್ಲಿ, ಆಮೇಲೆ ಚಪ್ಪಲಿಯ ಸದ್ದೂ ಇಲ್ಲ.
ಎರಡು ಲೈನನ್ನೂ ಒಂದು ಮಾಡಿದೆ.

ಮೊದಲು ಬರೀ ಗಾಳಿ.
ಆಮೇಲೆ ಯಾರೋ ದೊಡ್ಡ ಮೊರದಲ್ಲಿ
ಅವಸರವಿಲ್ಲದೆ ಕೇರತೊಡಗಿದ ಹಾಗೆ,
ಕೇರಿ, ತುಸು ತಡೆದು,
ಮತ್ತೆ ಮೊರ ತುಂಬಿಕೊಂಡ ಹಾಗೆ.

ಗೋಧಿ, ಎಂದ ಓರೆಸ್ಟ್.
ಅಲ್ಲ ಮಾರಾಯ, ನೀರು.
ಮತ್ತೆ ಇಬ್ಬರೂ ಮಾತಾಡಲಿಲ್ಲ.
ಹಿಮದೊಳಗೆ ಕೂತವರು, ಟವೆಲ್ಲು ಹೊತ್ತು ನಿಂತವನು,
ಕಿಟಕಿಯಿಲ್ಲದ ಕೋಣೆಯವಳು.
ಆರು ನಿಮಿಷ ದಾಟಿದ್ದಕ್ಕೆ
ಮೇಲ್ವಿಚಾರಕಿಯ ಮೇಜಿನ ಮೇಲೆ ಕೆಂಪು ದೀಪ.

ಯೋಚಿಸಿ ಹೇಳುತ್ತೇವಮ್ಮ, ಎಂದಳು ವರ್ನಾ.
ಹಾಗೆನ್ನುವವರು ಮತ್ತೆ ಫೋನು ಮಾಡುವುದಿಲ್ಲ.
ಇದೂ ನಿಜ.
ಕಟ್ ಆಯಿತು.

ಆಯ್ತೇನೇ? ಎಂದ ವಿಲ್ಬರ್ತ್. ಮಶೀನು ನಿಂತಿರತ್ತೆ.
ಇಲ್ಲ ಕಣೋ, ಎಂದೆ.
ಅವರು ಇನ್ನೂ ಕೇಳ್ತಿದ್ದಾರೆ.
ಹಾಗೇ ನಿಂತಿರು.