ಅರ್ಧ ಹೊರೆ

ತ್ಬಿಲಿಸಿಯ ಎಲಿಯಾವಾ ಸಂತೆಯಲ್ಲಿ, ನಟ್ಟುಬೋಲ್ಟಿನ ಸಾಲು ದಾಟಿ,
ಹಳೆಯ ಬಾಗಿಲು ಮಾರುವವನ ಎಡಕ್ಕೆ
ನನ್ನದೊಂದು ತಗಡಿನ ಗೂಡು.
ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರಿಗೆ ಹೊಟ್ಟೆ ಮಾರುತ್ತೇನೆ:
ಗೋಡೆಯ ಕರೆಂಟು ನುಂಗಿ, ಅರೆದು, ಹದಮಾಡಿ
ಮಿಕ್ಕ ಅಂಗಗಳಿಗೆ ಬಡಿಸುವ ಕಬ್ಬಿಣದ ಹೊಟ್ಟೆ.
ಕೇಳಿ ಕೊಳ್ಳುವವರು ಕಮ್ಮಿ.
ಮಿದುಳಿಗೆ ದುಡ್ಡು ಸುರಿಯುತ್ತಾರೆ, ಕಣ್ಣಿಗೆ ಸುರಿಯುತ್ತಾರೆ,
ಹೊಟ್ಟೆಗೆ ಉಳಿದ ಚಿಲ್ಲರೆ.

ಲಾಮಾರಾ ಬಂದದ್ದು ಒಂದು ಮಂಗಳವಾರ,
ಬಿಳಿ ಕೋಲಿನ ತುದಿಯಿಂದ ನನ್ನ ಹೊಸಿಲನ್ನು ಎರಡು ಸಲ ವಿಚಾರಿಸಿ.
ಹೆಸರು ಕೇಳಿಕೊಂಡೇ ಬಂದಿದ್ದಳು.
"ಸದ್ದಿಲ್ಲದ್ದು ಬೇಕು, ಬಾದ್ರಿ."
ಪರದೆ ಮೇಲಿನದನ್ನು ಅವಳಿಗೆ ಯಂತ್ರವೇ ಓದಿ ಹೇಳುತ್ತದಂತೆ.
ಏಳು ವರ್ಷದ ಹಳೆ ಹೊಟ್ಟೆ
ಏರು ಹತ್ತುವ ಮಾರ್ಶ್ರೂತ್ಕಾ ವ್ಯಾನಿನ ಹಾಗೆ ಏದುತ್ತ
ಓದಿನ ಮಧ್ಯೆ ಅಕ್ಷರ ತಿಂದುಬಿಡುತ್ತದಂತೆ.

ನಾನು ಡಬ್ಬಿ ಓದಿದೆ: ಆರುನೂರೈವತ್ತು ವ್ಯಾಟು, ಚಿನ್ನದ ದರ್ಜೆ.
"ಚಿನ್ನ ನನಗೆ ಹೊಳೆಯುವುದಿಲ್ಲ. ಕೈಗೆ ಕೊಡು."
ಒಂದೊಂದನ್ನೂ ಅಂಗೈಯಲ್ಲಿ ಕೂಸಿನ ಹಾಗೆ ತೂಗಿದಳು.
ಹಗುರದ್ದನ್ನು ಮಾತಿಲ್ಲದೆ ಕೆಳಗಿಟ್ಟಳು.
ಭಾರದ್ದೊಂದನ್ನು ಉಗುರಲ್ಲಿ ತಟ್ಟಿ,
"ಇದು ತಾಮ್ರದ ತೂಕವಲ್ಲ. ಒಳಗೆ ಯಾರೋ
ಕಬ್ಬಿಣದ ಚೂರು ಅಂಟಿಸಿದ್ದಾರೆ."
ನನಗೆ ಗೊತ್ತಿತ್ತು.
ಗೊತ್ತಿಲ್ಲದವನ ಹಾಗೆ ಚಹಾ ಕುಡಿದೆ.

ಆಮೇಲೆ ಮಾನ ಉಳಿಸಿಕೊಳ್ಳಲು ನಿಜ ಹೇಳತೊಡಗಿದೆ.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ,
ಇಲ್ಲಿ ಆ ಮಾತು ತಿರುಗಾಮುರುಗಾ.
ನಿನ್ನ ಯಂತ್ರ ಉಣ್ಣುವುದು ಮುನ್ನೂರರ ಒಳಗೆ;
ಆರುನೂರು ಹೊರಬಲ್ಲವನ ಹೆಗಲಿಗೇರಿಸು.
ಅರ್ಧ ಹೊರೆಯವನು ಬೆವರುವುದಿಲ್ಲ,
ಬೆವರದವನು ಬೀಸಣಿಗೆ ಕೇಳುವುದಿಲ್ಲ.
ಮತ್ತೆ, ನಮ್ಮ ಓಣಿಗಳ ದೀಪ ಕಣ್ಣು ಮಿಟುಕಿಸುತ್ತದೆ ನೋಡು,
ಆ ಒಂದು ಮಿಟುಕಿನಷ್ಟು
ಉಸಿರು ಹಿಡಿದಿರಬೇಕು.
ನಂಬಿಕೆ ಅಂದರೆ ಅಷ್ಟೇ, ಅದಕ್ಕಿಂತ ದೊಡ್ಡದೇನಿಲ್ಲ.

ಒಂದನ್ನು ಹಚ್ಚಿದೆ. ಫ್ಯಾನು ಅಲುಗಲೇ ಇಲ್ಲ.
"ಕೇಳು," ಅಂದೆ, "ಏನಾದರೂ ಕೇಳುತ್ತದೆಯೇ?"
"ಕೀರುತ್ತಿದೆ."
"ಎಲ್ಲಿ?"
"ಸುರುಳಿಯೊಳಗೆ. ಸೊಳ್ಳೆಗಿಂತ ಸಣ್ಣಗೆ."
ಕಿವಿಯನ್ನು ತಗಡಿಗೇ ಒತ್ತಿದೆ. ಏನೂ ಇಲ್ಲ.
ಬಾಗಿಲಿನವನ ಮಗ ಜಾಬಾನನ್ನು ಕೂಗಿದೆ, ಹನ್ನೊಂದು ವರ್ಷ;
ಬಂದವನೇ ಎರಡೂ ಕಿವಿ ಮುಚ್ಚಿಕೊಂಡ.

ತೊಂಬತ್ತರ ಕತ್ತಲಲ್ಲಿ, ಊರಿಗೆ ಊರೇ ಸೀಮೆಎಣ್ಣೆ ಉಸಿರಾಡುವಾಗ,
ಮನೆಮನೆಯ ಜನರೇಟರು ರಿಪೇರಿ ಮಾಡಿದವನು ನಾನು.
ಕೂಲಿಗೆ ಒಮ್ಮೆ ಆಲೂಗಡ್ಡೆ, ಒಮ್ಮೆ ಬರೀ ದೇವರ ಹೆಸರು.
ಕೂಲಿಯ ಜೊತೆ ಇನ್ನೇನೋ ಅಲ್ಲಿಯೇ ಬಿಟ್ಟು ಬಂದದ್ದು
ಅವತ್ತು ತಿಳಿಯಿತು.
ಇಷ್ಟು ವರ್ಷ "ಇದು ಮೂಕ, ನನ್ನಾಣೆ" ಎಂದು
ಎಷ್ಟು ಕೀರುವ ಡಬ್ಬಿ ಕೊಟ್ಟು ಕಳಿಸಿದೆನೋ.

ನಾಲ್ಕನೆಯದು ಅವಳಿಗೆ ಒಪ್ಪಿತು. ಡಬ್ಬಿಯಿಲ್ಲದ್ದು,
ತೋರಿಕೆಗೆಂದು ಕಪಾಟಿನಲ್ಲಿಟ್ಟು ಮರೆತದ್ದು.
ಹನ್ನೊಂದು ಲಾರಿ ಚೌಕಾಸಿ ಮಾಡಿ, ಧೂಳಿಗೂ ಎರಡು ಕಡಿತ ಹಾಕಿ,
ಚೀಲಕ್ಕಿಳಿಸಿಕೊಂಡು ಹೋದಳು.

ಎಂಟನೆಯ ದಿನ ಫೋನು.
"ಹಾಳಾದವನೇ, ನಿದ್ದೆ ಕೆಡಿಸಿದೆ!"
ಎದೆ ಧಸಕ್ಕೆಂದಿತು. "ಸದ್ದು ಮಾಡುತ್ತಿದೆಯೇ?"
"ಇಲ್ಲ, ಅದಕ್ಕೇ.
ಪಕ್ಕದ ಮನೆಯ ಗುರಾಮ್ ರಾತ್ರಿಯೆಲ್ಲ
ಒಬ್ಬನೇ ಚದುರಂಗ ಆಡುತ್ತಾನೆ, ಗೋಡೆಯಾಚೆ. ಟಕ್.
ಆಮೇಲೆ ಬಹಳ ಹೊತ್ತು ಏನಿಲ್ಲ. ಟಕ್.
ಬಿಳಿಯದನ್ನು ಬೇಗ ನಡೆಸುತ್ತಾನೆ, ಕರಿಯದಕ್ಕೆ ಯೋಚಿಸುತ್ತಾನೆ.
ಏಳು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ."
"ಬಿಳಿ ಯಾವುದೆಂದು ನಿನಗೆ ಹೇಗೆ..."
ಇಟ್ಟುಬಿಟ್ಟಳು.

ಈಗ ಪ್ರತಿ ಡಬ್ಬಿಯನ್ನೂ ಮೊದಲು ಜಾಬಾ ಕೇಳುತ್ತಾನೆ.
ಕಿವಿಯ ಬಾಡಿಗೆ ದಿನಕ್ಕೊಂದು ಲೋಬಿಯಾನಿ, ಬಿಸಿ ಇರಬೇಕು.
ನಿನ್ನೆ ಒಂದಕ್ಕೆ ತಲೆಯಾಡಿಸಿ "ಸುಮ್ಮನಿದೆ" ಎಂದ,
ಆಮೇಲೆ ಸ್ವಲ್ಪ ತಡೆದು, "ಅನ್ನಿಸುತ್ತದೆ" ಎಂದ.
ಅವನ ಮೇಲ್ತುಟಿಯ ಮೇಲೆ ಮಸಿಯ ಹಾಗೆ ಏನೋ.
ಒರೆಸಲು ಹೋದೆ, ಹೋಗಲಿಲ್ಲ.