ಹದಿನಾರು

ಮುಳ್ಳು ಅಲ್ಲಾಡುವುದಿಲ್ಲ.
ಬಿಸಿಲಿಗೆ ಹಿಡಿದರೂ ಅಲ್ಲೇ, ಸೆರಗಲ್ಲಿ ಮುಚ್ಚಿದರೂ ಅಲ್ಲೇ,
ಹಿಂದಿನ ಬೆಂಚಿನಲ್ಲಿ ನಿದ್ದೆ ಹೋದ ಹುಡುಗನ ಹಾಗೆ.

ಶಿವರಾಂಪೇಟೆಯ ಗಡಿಯಾರದಂಗಡಿ ಅಸಾದುಲ್ಲಾ
ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ, ತಿರುಪು ಬಿಚ್ಚಿ,
"ಬೆಳಕು ಕುಡಿದೂ ಕುಡಿದೂ ಸತ್ತಿದೆ ಮೇಡಂ ಈ ಬಿಲ್ಲೆ.
ಮಿಕ್ಕಿದ್ದೆಲ್ಲ ಗಟ್ಟಿ. ಷಟರ್ ಸದ್ದು ಕೇಳಿ."
ಕೇಳಿದೆ. ಅಡಕತ್ತರಿ ಕಚ್ಚಿದ ಸದ್ದು.

ದುಡ್ಡು ಮುಟ್ಟಲಿಲ್ಲ. ಚೀಟಿಯ ಹಿಂಬದಿಗೆ ಬರೆದುಕೊಟ್ಟ:
ನೆರಳಿನ ಅಂಚು ಚೂಪಿದ್ದರೆ ಹದಿನಾರು,
ಮಸುಕಿದ್ದರೆ ಹನ್ನೊಂದು,
ನೆರಳು ಇದೆಯೋ ಇಲ್ಲವೋ ಅಂದರೆ ಎಂಟು.
ಅದಕ್ಕೂ ಕೆಳಗೆ, "ಮನೆಗೆ ಹೋಗಿ."

ಅಂದಿನಿಂದ ನಾನು ಆಕಾಶ ನೋಡಿದ್ದು ಕಡಿಮೆ.
ಬಸ್ ಸ್ಟ್ಯಾಂಡಿನಲ್ಲಿ ಕಂಬದ ಬುಡ,
ಕಾದು ನಿಂತವರ ಚಪ್ಪಲಿಯ ಸುತ್ತ
ಕಣ್ಣಾಡಿಸುತ್ತ ಬಂದೆ.
"ಏನವ್ವ, ಕಾಸ್ ಬಿದ್ದೋಯ್ತಾ?" ಹೂವಿನ ನಿಂಗಾಜಮ್ಮ.
"ಇಲ್ಲ. ಹನ್ನೊಂದು," ಅಂದೆ, ನನ್ನಷ್ಟಕ್ಕೆ.

ಅವಳು ಅಳೆಯತೊಡಗಿದಳು.
ಮೊಣಕೈಯಿಂದ ಬೆರಳ ತುದಿ, ಮತ್ತೆ ಮೊಣಕೈ,
ಯಾವ ಅಂಗಡಿಯಲ್ಲೂ ಸಿಗದ ಕೋಲು.
ಕೆಟ್ಟಿದ್ದೇ ಇಲ್ಲವಂತೆ ನಲವತ್ತು ವರ್ಷ;
ಒಮ್ಮೆ ಮೂಳೆ ಮುರಿದಾಗ
ಎಡಗೈಯಲ್ಲಿ ಅಳೆದಳಂತೆ,
"ಅದು ಒಸಿ ಉದ್ದ, ಗಿರಾಕಿಗೇ ಲಾಭ."

ಆ ಕೈಗೆ ಫೋಕಸ್ ಮಾಡಿದೆ.
ಉಂಗುರ ಹನ್ನೊಂದರಲ್ಲಿ, ಉಸಿರು ಹಿಡಿದು,
ಒತ್ತಬೇಕು, ಅಷ್ಟರಲ್ಲಿ
ನಂಜನಗೂಡು ಕಡೆಯ ಬಸ್ಸಿನ ಬಾಗಿಲಲ್ಲಿ ಜೋತು
ಕಂಡಕ್ಟರ್ ಕೂಗಿದ,
"ಹದಿನಾರು! ಹದಿನಾರು! ಯಾರ್ರೀ ಹದಿನಾರು?"

ಅದು ಅವನ ದಾರಿಯ ಊರು.
ಬಗ್ಗಿ ನೋಡಿದರೆ, ಬುಟ್ಟಿಯ ನೆರಳು
ನೆಲದ ಮೇಲೆ ಕತ್ತರಿಯಲ್ಲಿ ಕತ್ತರಿಸಿಟ್ಟ ಹಾಗೆ.
ಮೋಡ ಯಾವಾಗ ಸರಿಯಿತೋ.

ಉಂಗುರ ತಿರುಗಿಸಿದೆ.
ಹನ್ನೊಂದು ಮೊಳ ಮಲ್ಲಿಗೆ
ಆಗಲೇ ಎಲೆಯಲ್ಲಿ ಸುತ್ತಿಯಾಗಿತ್ತು.